ಘಟಪ್ರಭೆಯ ವರಟೆ



ಘಟಪ್ರಭಾ ಪಕ್ಷಿಧಾಮ ಅಂದಕೂಡಲೇ ನಮ್ಮ ಭಾಗದಲ್ಲಿ ಶುರುವಾಗುವುದು ಚಳಿಗಾಲದ ಅತಿಥಿಗಳ ಮಾತು. ಯುರೋಪಿನ ಬಿಳಿ ಕೊಕ್ಕರೆ, ಮಧ್ಯ ಏಷ್ಯಾದ ಬಯಲಿನಿಂದ ಬರುವ ಕರ್ಕರ ಕೊಕ್ಕರೆ, ಹಿಮಾಲಯ ದಾಟಿ ಬರುವ ಸೂಜಿಬಾಲದ ಬಾತು. ದೀಪಾವಳಿ ಮುಗಿದು ಚಳಿ ಹತ್ತಿದ ಮೇಲೆ ಇವು ಗೋಕಾಕ ತಾಲ್ಲೂಕಿನ ಧೂಪದಾಳ ಒಡ್ಡಿನ ಹಿನ್ನೀರಿಗೆ ಇಳಿಯುತ್ತವೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಶಾಲೆಯ ಮಕ್ಕಳು ಟೆಂಪೊ ಮಾಡಿಕೊಂಡು ನೋಡಲು ಹೋಗುತ್ತಾರೆ. ಹೋಗಲೇಬೇಕು. ಅಷ್ಟು ದೂರದ ಹಕ್ಕಿ ನಮ್ಮ ನೀರು ಹುಡುಕಿಕೊಂಡು ಬಂದಿದೆ ಎಂದರೆ ಅದು ನೋಡತಕ್ಕದ್ದೇ. ಆದರೆ ಆ ಅತಿಥಿಗಳ ನಡುವೆಯೇ ಕಂದು ಮೈಯ ಇನ್ನೊಂದು ಬಾತು ಜೋಡಿಜೋಡಿಯಾಗಿ ತೇಲುತ್ತಿರುತ್ತದೆ. ಬೇಸಿಗೆ ಬಂತೆಂದು ಅದು ಊರು ಬಿಡುವುದಿಲ್ಲ. ಮಳೆಗಾಲದಲ್ಲಿ ಮರಿ ಮಾಡುವುದೂ ಇಲ್ಲೇ, ಬೇಸಿಗೆಯಲ್ಲಿ ಉಳಿದ ಒಂದಿಷ್ಟು ನೀರಿಗೆ ಅಲೆಯುವುದೂ ಇಲ್ಲೇ. ಇಂದಿನ ನನ್ನ ಮಾತು ಆ ಹಕ್ಕಿಯ ಬಗ್ಗೆ. ಕನ್ನಡದ ಪಕ್ಷಿ ಪುಸ್ತಕಗಳು ಅದಕ್ಕೆ ವರಟೆ ಎನ್ನುತ್ತವೆ, ಚುಕ್ಕೆ ಕೊಕ್ಕಿನ ಬಾತು ಎಂದೂ ಕರೆಯುತ್ತವೆ.

ಗುರುತು ಹಿಡಿಯುವುದು ಕಷ್ಟವಲ್ಲ. ಸುಮಾರು ಎರಡಡಿ ಉದ್ದದ ಹಕ್ಕಿ. ತೂಕ ಮುಕ್ಕಾಲು ಕಿಲೋದಿಂದ ಒಂದೂವರೆ ಕಿಲೋವರೆಗೆ. ಮೈಮೇಲಿನ ಒಂದೊಂದು ಗರಿಯೂ ನಡುವೆ ಗಾಢ ಕಂದು, ಅಂಚಿನಲ್ಲಿ ಮಾಸಲು ಬಿಳಿ. ಕಣ್ಣಿನ ಮೇಲೆ ಹಾದು ಹೋಗುವ ಕಪ್ಪು ಗೆರೆ. ಕಾಲು ಕೆಂಪು ಕಿತ್ತಳೆ. ಇನ್ನು ಕೊಕ್ಕನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಪ್ಪು ಕೊಕ್ಕು, ತುದಿಯಲ್ಲಿ ಹಳದಿ, ಹಣೆಗೆ ಸೇರುವಲ್ಲಿ ಎರಡೂ ಬದಿಗೆ ಒಂದೊಂದು ಕೆಂಪು ಬೊಟ್ಟು. ನಿಡಸೋಸಿ, ಸಂಕೇಶ್ವರದಿಂದ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಅಲ್ಲಿನ ಮರಾಠಿ ಜನ ಇದನ್ನು ಹಳದಿ-ಕುಂಕು ಬದಕ, ಅಂದರೆ ಅರಿಶಿನ-ಕುಂಕುಮದ ಬಾತು, ಎಂದು ಕರೆಯುತ್ತಾರೆ. ಹೆಣ್ಣಿನಲ್ಲಿ ಆ ಕೆಂಪು ಬೊಟ್ಟು ಸಣ್ಣದು, ಬಣ್ಣವೂ ಮಾಸಲು. ಎಳೆಯ ಹಕ್ಕಿಗೆ ಇರುವುದೇ ಇಲ್ಲ. ರೆಕ್ಕೆ ಬಿಚ್ಚಿದಾಗ ಹೊಳೆಯುವ ಹಸಿರು ಪಟ್ಟಿ ಕಾಣುತ್ತದೆ. ಆ ಹಸಿರು ಗರಿಯಲ್ಲಿರುವ ಹಸಿರು ಬಣ್ಣದಿಂದ ಬಂದದ್ದಲ್ಲ. ಗರಿಯ ಎಳೆಯೊಳಗಿನ ಬಲು ತೆಳುವಾದ ಪದರಗಳಿಗೆ ಬೆಳಕು ತಾಗಿ ಹಿಂದಿರುಗುವ ರೀತಿಯಿಂದ ಹುಟ್ಟುವಂಥದ್ದು. ಅದಕ್ಕೇ ಹಕ್ಕಿ ಹೊರಳಿದರೆ ಅದೇ ಪಟ್ಟಿ ನೀಲಿ ಛಾಯೆಗೆ ತಿರುಗುತ್ತದೆ, ಇನ್ನೊಂದು ಕೋನದಲ್ಲಿ ಬರೀ ಕಪ್ಪಾಗಿ ಕಾಣುತ್ತದೆ.

ಶಾಸ್ತ್ರದ ಪುಸ್ತಕಕ್ಕೆ ಈ ಹಕ್ಕಿ ಸೇರಿದ್ದು 1781ರಲ್ಲಿ. ಸಿಂಹಳದ ಹಕ್ಕಿಯ ಆಧಾರದ ಮೇಲೆ ಜೊಹಾನ್ ರೈನ್‌ಹೋಲ್ಡ್ ಫಾರ್ಸ್ಟರ್ ಎಂಬ ಜರ್ಮನ್ ವಿದ್ವಾಂಸ ಅದಕ್ಕೆ ಅನಾಸ್ ಪೊಯಿಸಿಲೊರಿಂಕ ಎಂದು ಹೆಸರಿಟ್ಟ. ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ, ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾದವರೆಗೆ ಇದರ ನೆಲೆ. ಚೀನಾ, ಜಪಾನಿನ ಕಡೆ ಇದರ ಹತ್ತಿರದ ನೆಂಟ ಹಕ್ಕಿಯೊಂದಿದೆ, ಅದರ ಕೊಕ್ಕಿಗೆ ಕೆಂಪು ಬೊಟ್ಟಿಲ್ಲ.

ಬಾತುಗಳಲ್ಲಿ ಎರಡು ಬಗೆ. ಕೆಲವು ಪೂರ್ತಿ ಮುಳುಗಿ, ನೀರಿನ ತಳಕ್ಕೆ ಹೋಗಿ ಆಹಾರ ತರುತ್ತವೆ. ಇನ್ನು ಕೆಲವು ಮುಳುಗುವುದಿಲ್ಲ, ಮೇಲಿನಿಂದಲೇ ಬಾಗಿ ತಿನ್ನುತ್ತವೆ. ವರಟೆ ಎರಡನೆಯ ಗುಂಪಿನದು. ಬೆಳಗಿನ ಹೊತ್ತು ಹಿನ್ನೀರಿನ ಅಂಚಿನಲ್ಲಿ ಸದ್ದಿಲ್ಲದೆ ಕುಳಿತರೆ ಅದು ಮೇಯುವುದನ್ನು ಹತ್ತಿರದಿಂದಲೇ ನೋಡಬಹುದು. ಮೊದಲು ಕೊಕ್ಕನ್ನಷ್ಟೇ ನೀರಿನ ಮೇಲ್ಪದರಕ್ಕೆ ತಾಗಿಸಿ ಚಪಚಪ ಎನಿಸುತ್ತಾ ಮುಂದೆ ಸಾಗುತ್ತದೆ. ಅಲ್ಲಿ ದಕ್ಕದಿದ್ದರೆ ಕತ್ತು ಮುಳುಗಿಸುತ್ತದೆ. ಅದೂ ಸಾಲದಾದಾಗ ಇಡೀ ಮೈಯನ್ನೇ ಮುಂದಕ್ಕೆ ತೂಗಿ, ತಲೆ ಕೆಳಗೆ ಬಾಲ ಮೇಲೆ ಮಾಡಿ, ಬೀಳದಂತೆ ಕಾಲಿನಿಂದ ನೀರು ತುಳಿಯುತ್ತಾ ನಿಲ್ಲುತ್ತದೆ. ಹಿಂಬದಿಯ ಕಪ್ಪು ಗರಿಯೊಂದೇ ನಮಗೆ ಕಾಣುವುದು. ಕೆಲವು ಕ್ಷಣಗಳ ಮೇಲೆ ತಲೆ ಎತ್ತಿದಾಗ ಕೊಕ್ಕಿನ ಅಂಚಿನಿಂದ ಕೆಸರು ನೀರು ಸೋರುತ್ತಿರುತ್ತದೆ.

ಆ ಸೋರುವುದರಲ್ಲೇ ಅದರ ಊಟದ ಉಪಾಯವಿದೆ. ಕೊಕ್ಕಿನ ಒಳಅಂಚಿನ ಉದ್ದಕ್ಕೂ ಬಾಚಣಿಕೆಯ ಹಲ್ಲಿನಂತೆ ಸಣ್ಣ ಸಣ್ಣ ಪದರಗಳಿವೆ. ನಾಲಗೆ ಹಿಂದೆಮುಂದೆ ಆಡುತ್ತಾ ನೀರನ್ನು ಎಳೆದು ಬದಿಯಿಂದ ಹೊರಹಾಕುತ್ತದೆ. ನೀರು ಹೋಗುತ್ತದೆ, ಹುಲ್ಲಿನ ಬೀಜ, ಜಲಸಸ್ಯದ ಚಿಗುರು, ಎಳೆ ಗಡ್ಡೆ, ಸಣ್ಣ ಶಂಖದ ಹುಳು ಒಳಗೇ ಉಳಿಯುತ್ತವೆ. ಚಳಿಗಾಲಕ್ಕೆ ಬರುವ ಸಲಿಕೆ ಕೊಕ್ಕಿನ ಬಾತಿನಲ್ಲಿ ಈ ಸೋಸುವ ಪದರ ಇನ್ನೂ ನವಿರು, ಇನ್ನೂ ಒತ್ತು. ಅದು ಬಲು ಸಣ್ಣ ಜೀವಿಗಳನ್ನೂ ಸೋಸಿ ತಿನ್ನುತ್ತದೆ. ಹೀಗಾಗಿ ಒಂದೇ ಹಿನ್ನೀರಿನಲ್ಲಿ ಹತ್ತಾರು ಬಗೆಯ ಹಕ್ಕಿಗಳು ಒಂದರ ಅನ್ನ ಇನ್ನೊಂದು ಕಸಿಯದೆ ಬದುಕಬಲ್ಲವು. ವರಟೆ ಬಹುಪಾಲು ಸಸ್ಯಾಹಾರಿ. ಹೊತ್ತು ಮುಳುಗಿದ ಮೇಲೆ ಅದು ಹೆಚ್ಚು ಚುರುಕು. ಭತ್ತದ ಗದ್ದೆ ಇದ್ದಲ್ಲಿ ರಾತ್ರಿ ಇಳಿದು ಕಾಳು ಮೇಯುತ್ತದೆ, ನಡೆದಾಡಿ ಪೈರು ತುಳಿಯುವುದೂ ಉಂಟು. ಪೈರು ಹಾಳಾಗುತ್ತದೆ ಎಂಬ ರೈತರ ದೂರು ಸುಳ್ಳಲ್ಲ. ಆದರೆ ಗದ್ದೆಯ ಕಳೆಬೀಜ, ಹುಳುಹುಪ್ಪಟೆ ತಿನ್ನುವುದೂ ಅದೇ ಹಕ್ಕಿ.

ಮುಳುಗುವ ಬಾತು ನೀರಿನಿಂದ ಏಳಬೇಕಾದರೆ ನೀರಿನ ಮೇಲೆ ಉದ್ದಕ್ಕೆ ಓಡಬೇಕು. ವರಟೆಗೆ ಆ ಓಟ ಬೇಡ. ಗಾಬರಿಯಾದರೆ ನಿಂತಲ್ಲಿಂದಲೇ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಜೊಂಡಿನ ನಡುವಿನ ಒಂದು ಕೋಣೆಯಗಲದ ನೀರಿದ್ದರೂ ಅದಕ್ಕೆ ಸಾಕು. ಕಾಲುಗಳು ಮೈಯ ನಡುಭಾಗದಲ್ಲಿರುವುದರಿಂದ ನೆಲದ ಮೇಲೂ ಸಲೀಸಾಗಿ ನಡೆಯುತ್ತದೆ. ಏಳುವಾಗ ಗಟ್ಟಿಯಾಗಿ ಕ್ವಾಕ್ ಕ್ವಾಕ್ ಎಂದು ಕೂಗುವುದು ಹೆಣ್ಣು. ಗಂಡಿನ ದನಿ ಒಡಕು, ಮೆತ್ತಗೆ. ಅದರ ಶ್ವಾಸನಾಳ ಕವಲೊಡೆಯುವಲ್ಲಿ ಎಲುಬಿನ ಒಂದು ಗುಳ್ಳೆ ಇರುತ್ತದೆ, ಹೆಣ್ಣಿಗೆ ಅದಿಲ್ಲ. ದನಿಯ ವ್ಯತ್ಯಾಸ ಅದರಿಂದ.

ಈಗ ನಮ್ಮ ನೀರಿನ ಮಾತಿಗೆ ಬರೋಣ. ಮೇಲಿನಿಂದ ಬಾಗಿ ತಿನ್ನುವ ಹಕ್ಕಿಗೆ ಮೊಳ ಆಳಕ್ಕಿಂತ ಹೆಚ್ಚಿನ ನೀರಿನಿಂದ ಉಪಯೋಗವಿಲ್ಲ. ಕತ್ತು ಮುಟ್ಟಿದಷ್ಟೇ ಅದರ ಹೊಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ರೈತನಿಗೆ ಅದು ಪ್ರಾಣ. ಆದರೆ ವರಟೆಗೆ ಅದರ ನಡುನೀರು ಹಗಲು ಹೊತ್ತು ತೇಲಿ ವಿಶ್ರಮಿಸುವ ಜಾಗ ಅಷ್ಟೇ. ಅದರ ಊಟ ಇರುವುದು ಅಂಚಿನಲ್ಲಿ. ಕೆಳಗೆ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ಇದೆ. 1897ರಲ್ಲಿ ಎಡದಂಡೆ ಕಾಲುವೆಗೆ ನೀರು ತಿರುಗಿಸಲು ಕಟ್ಟಿದ್ದು. ಅದು ಎತ್ತರದ ಅಣೆಕಟ್ಟಲ್ಲ. ಹಾಗಾಗಿ ಹಿಂದೆ ನಿಂತ ನೀರು ಅಗಲಕ್ಕೆ ಹರಡಿತು, ಹೂಳು ಕೂತಿತು, ನಡುಗಡ್ಡೆಗಳೆದ್ದವು, ಜೊಂಡು ಬೆಳೆಯಿತು. ನೀರಾವರಿಗೆಂದು ಮಾಡಿದ ಕೆಲಸ ನೀರುಹಕ್ಕಿಗಳಿಗೆ ಮೊಳದಾಳದ ಮೇವುಗಾವಲು ಒದಗಿಸಿತು. 1974ರಲ್ಲಿ ಸರಕಾರ ಈ ಪ್ರದೇಶವನ್ನು ಪಕ್ಷಿಧಾಮ ಎಂದು ಘೋಷಿಸಿತು. ಅದರ ವಿಸ್ತಾರ 29.78 ಚದರ ಕಿಲೋಮೀಟರ್. ಗೋಕಾಕ ಜಲಪಾತ ನೋಡಲು ಹೋಗುವ ಸಾವಿರಾರು ಜನ ಅಲ್ಲಿಂದ ಕೆಲವೇ ಮೈಲಿ ಮೇಲಿರುವ ಈ ಜಾಗ ನೋಡದೇ ಹಿಂದಿರುಗುತ್ತಾರೆ, ಅದು ನನಗೆ ಬೇಸರದ ಸಂಗತಿ.

ಪಕ್ಷಿಧಾಮದ ಗಡಿ ವರಟೆಗೆ ಗೊತ್ತಿಲ್ಲ. ನಿಡಸೋಸಿಯ ಸುತ್ತಮುತ್ತ ಹೊಲದ ನಡುವಿನ ಕೃಷಿಹೊಂಡ, ಹಿರಣ್ಯಕೇಶಿಯ ನಿಧಾನ ನೀರಿನ ತಿರುವು, ಮೂಡಲಗಿ ಕಡೆಯ ಕಾಲುವೆ ಸೋರಿ ನಿಂತ ಜವುಳು ನೆಲ, ಎಲ್ಲೆಲ್ಲಿ ನೀರಿಗೆ ಹುಲ್ಲಿನ ಅಂಚಿದೆಯೋ ಅಲ್ಲೆಲ್ಲ ಒಂದು ಜೋಡಿ ಕಾಣಬಹುದು. ಒಂದು ಹೊಂಡ ಬತ್ತಿದರೆ ಇನ್ನೊಂದಕ್ಕೆ ಹಾರುತ್ತದೆ. ಅದರ ವಲಸೆ ಎಂದರೆ ಇಷ್ಟೇ.

ಧೂಪದಾಳದ ಹತ್ತಿರ ಕಬ್ಬಿಗೆ ನೀರು ಹಾಯಿಸುತ್ತಿದ್ದ ಹಿರಿಯರೊಬ್ಬರನ್ನು ಈ ಹಕ್ಕಿಯ ಬಗ್ಗೆ ಕೇಳಿದೆ. ಅವರು ಹೇಳಿದ್ದು ಹೀಗೆ: "ಇವು ಹೊರಗಿಂದ ಬರೂವು ಅಲ್ರೀ ಸರ, ಇಲ್ಲೇ ಇರತಾವು. ಮಳಿ ಬಿದ್ದು ಹುಲ್ಲು ಎದ್ದ ಮ್ಯಾಲ ಬದುವಿನ್ಯಾಗ ತತ್ತಿ ಇಡತಾವು. ಹೆಣಮಕ್ಕಳು ಹುಲ್ಲು ಕೊಯ್ಯಾಕ ಹೋದಾಗ ಕಾಲಾಗಿಂದ ಬುರ್ ಅಂತ ಎದ್ದು ಹೊಕ್ಕಾವು." ಪುಸ್ತಕ ಹೇಳುವುದೂ ಇದನ್ನೇ. ಪಕ್ಷಿತಜ್ಞ ಸಲೀಂ ಅಲಿಯವರು ಬರೆದಿರುವ ಪ್ರಕಾರ ಈ ಹಕ್ಕಿಯ ಸಂತಾನ ಕಾಲಕ್ಕೆ ತಿಂಗಳ ಕಟ್ಟುಪಾಡಿಲ್ಲ, ಅದು ನೀರಿನ ಮೇಲೆ ನಿಂತಿದೆ. ಉತ್ತರ ಭಾರತದಲ್ಲಿ ಜುಲೈಯಿಂದ ಸೆಪ್ಟೆಂಬರ್, ದಕ್ಷಿಣದಲ್ಲಿ ನವೆಂಬರ್-ಡಿಸೆಂಬರ್ ಹೆಚ್ಚು.

ಗೂಡು ಮರದ ಮೇಲಲ್ಲ, ನೆಲದ ಮೇಲೆ. ನೀರಿಗೆ ಹತ್ತಿರ, ಆದರೆ ನೀರು ತಾಗದಷ್ಟು ಮೇಲೆ, ಎತ್ತರದ ಹುಲ್ಲಿನ ಬುಡದಲ್ಲಿ. ಹುಲ್ಲು, ಒಣ ಎಲೆ ಸೇರಿಸಿ ಒಂದು ತಗ್ಗು ಮಾಡುತ್ತದೆ. ದಿನಕ್ಕೊಂದರಂತೆ 7ರಿಂದ 12 ತತ್ತಿ ಇಡುತ್ತದೆ, ಕೆಲವೊಮ್ಮೆ ಇನ್ನೂ ಒಂದೆರಡು ಹೆಚ್ಚು. ತಾಯಿ ತನ್ನ ಎದೆಯ ನವಿರು ತುಪ್ಪಳವನ್ನೇ ಕಿತ್ತು ಗೂಡಿಗೆ ಹಾಸುತ್ತದೆ. ಮೇಯಲು ಏಳುವಾಗ ಆ ತುಪ್ಪಳವನ್ನು ತತ್ತಿಯ ಮೇಲೆಳೆದು ಮುಚ್ಚುತ್ತದೆ. ಕಾವು ಆರಬಾರದು, ಕಾಗೆಯ ಕಣ್ಣಿಗೂ ಬೀಳಬಾರದು.

ಮೊದಲನೆಯ ತತ್ತಿಗೂ ಕೊನೆಯದಕ್ಕೂ ಹತ್ತು ದಿನದ ಅಂತರವಿದ್ದರೂ ಮರಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಚಿಪ್ಪೊಡೆದು ಬರುತ್ತವೆ. ಕೊನೆಯ ತತ್ತಿ ಬೀಳುವವರೆಗೆ ತಾಯಿ ಪೂರ್ತಿ ಕಾವಿಗೆ ಕೂರದಿರುವುದು ಇದಕ್ಕೆ ಮೊದಲ ಕಾರಣ. ಕಾವು ಸುಮಾರು 24 ದಿನ. ಇನ್ನೊಂದು ಕಾರಣ ನನಗೆ ಯಾವಾಗಲೂ ಬೆರಗಿನದು. ಬಾತಿನ ಮರಿಗಳು ಚಿಪ್ಪು ಒಡೆಯುವ ಮೊದಲೇ ಒಳಗಿನಿಂದ ಚಿಲಿಗುಟ್ಟುತ್ತವೆ, ತಾಯಿ ಹೊರಗಿನಿಂದ ಮೆಲುದನಿಯಲ್ಲಿ ಓಗೊಡುತ್ತದೆ. ಹೀಗೆ ಒಂದನ್ನೊಂದು ಕೇಳಿಸಿಕೊಂಡೇ ಅವು ಹೊರಬರಲು ಸಜ್ಜಾಗುತ್ತವೆ. ಹುಟ್ಟುವಾಗಲೇ ತಾಯಿಯ ದನಿ ಅವಕ್ಕೆ ಪರಿಚಿತ. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್ ಬಾತಿನ ಮರಿಗಳನ್ನು ಸಾಕಿ ಕಂಡುಕೊಂಡದ್ದೂ ದನಿಯ ಈ ಮಹತ್ವವನ್ನೇ. ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಸಾಗುತ್ತಾ ತಾಯಿಬಾತಿನಂತೆ ಕೂಗುತ್ತಿದ್ದರೆ ಮಾತ್ರ ಮರಿಗಳು ಅವರನ್ನು ಹಿಂಬಾಲಿಸುತ್ತಿದ್ದವು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರು ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಗುಬ್ಬಿಯ ಮರಿಯ ಹಾಗೆ ವರಟೆಯ ಮರಿ ಬಾಯಿ ತೆರೆದು ಕೂರುವುದಿಲ್ಲ. ಒಂದು ದಿನ ಕಳೆಯುವುದರೊಳಗೆ ಗೂಡು ಬಿಟ್ಟು, ತಾಯಿಯ ಹಿಂದೆ ಸಾಲಾಗಿ ನಡೆದು ನೀರಿಗಿಳಿಯುತ್ತದೆ. ತಾಯಿ ತುತ್ತು ಕೊಡುವುದಿಲ್ಲ, ದಾರಿ ತೋರಿಸುತ್ತದೆ, ಕಾವಲಿರುತ್ತದೆ, ರಾತ್ರಿ ರೆಕ್ಕೆಯಡಿ ಬೆಚ್ಚಗಿಡುತ್ತದೆ. ದೊಡ್ಡ ಹಕ್ಕಿ ಸಸ್ಯಾಹಾರಿಯಾದರೂ ಮರಿಗಳ ಮೊದಲ ವಾರಗಳ ಆಹಾರ ಬಹುಪಾಲು ಹುಳು. ಸೊಳ್ಳೆಯ ಮರಿಹುಳು, ನೀರುಕೀಟ, ಜೊಂಡಿನ ಮೇಲಿನ ನೊಣ. ಗರಿ ಬೆಳೆಯಲು ಅವಕ್ಕೆ ಪ್ರೋಟೀನ್ ಬೇಕು, ಅದು ಹುಲ್ಲಿನ ಬೀಜದಲ್ಲಿ ಸಾಲುವುದಿಲ್ಲ. ಆ ಹುಳುಗಳಿರುವುದು ಎಲ್ಲಿ? ಕಸಕಡ್ಡಿ ಕೊಳೆತ, ಸಸ್ಯ ದಟ್ಟವಾಗಿರುವ, ನೀರು ನೆಲ ಕೂಡುವ ಅಂಚಿನಲ್ಲಿ. ಹಾರಲು ಕಲಿಯುವವರೆಗೆ, ಅಂದರೆ ಎರಡು ತಿಂಗಳ ಹತ್ತಿರ, ಆ ಅಂಚೇ ಅವುಗಳ ಮನೆ, ಅಡುಗೆಮನೆ, ಅಡಗುತಾಣ. ಗರುಡ ಎರಗಬಹುದು, ಮುಂಗುಸಿ ಹಿಡಿಯಬಹುದು, ನೀರಿನೊಳಗಿನ ದೊಡ್ಡ ಮೀನು ನುಂಗಬಹುದು. ಹತ್ತು ಮರಿ ಇಳಿಸಿದ ತಾಯಿಯ ಹಿಂದೆ ಕೊನೆಗೆ ಮೂರು ನಾಲ್ಕು ಉಳಿದರೆ ಅದೇ ದೊಡ್ಡ ಮಾತು.

ದೊಡ್ಡ ಹಕ್ಕಿಗೂ ಒಂದು ಕಷ್ಟದ ಕಾಲವಿದೆ. ಬಾತುಗಳು ಮರಿ ಮಾಡಿದ ಮೇಲೆ ರೆಕ್ಕೆಯ ಹಾರುಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ. ಕಾಗೆ, ಪಾರಿವಾಳ ಒಂದೊಂದಾಗಿ ಬದಲಿಸಿಕೊಳ್ಳುತ್ತವೆ, ಹಾರಾಟಕ್ಕೆ ತಡೆಯಿಲ್ಲ. ಬಾತಿನ ಮೈ ಭಾರ, ರೆಕ್ಕೆ ಚಿಕ್ಕದು, ಅರೆಬರೆ ರೆಕ್ಕೆಯಿಂದ ಅದು ಏಳಲಾರದು. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಉದುರಿಸಿ, ಮೂರು ನಾಲ್ಕು ವಾರ ಹಾರದೆ, ಜೊಂಡಿನೊಳಗೆ ಅಡಗಿ ಕಳೆಯುತ್ತದೆ. ಆಗ ಜೊಂಡು ಇಲ್ಲವಾದರೆ ಅದಕ್ಕೆ ಬೇರೆ ರಕ್ಷೆ ಇಲ್ಲ.

ಸೂಜಿಬಾಲದ ಗಂಡಿಗೆ ಚಾಕೊಲೇಟ್ ಬಣ್ಣದ ತಲೆ, ಬಿಳಿಯ ಎದೆ, ನೀಳ ಬಾಲ. ಅದರ ಹೆಣ್ಣು ಸಾದಾ ಕಂದು. ವರಟೆಯಲ್ಲಾದರೋ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ತರಹ. ದೂರದ ವಲಸೆ ಬಾತುಗಳು ಪ್ರತಿ ಚಳಿಗಾಲದಲ್ಲೂ ಹೊಸದಾಗಿ ಜೋಡಿ ಕೂಡುತ್ತವೆ, ದೊಡ್ಡ ಗುಂಪಿನಲ್ಲಿ ಹೆಣ್ಣಿನ ಗಮನ ಸೆಳೆಯಲು ಗಂಡುಗಳಿಗೆ ಬಣ್ಣ ಬೇಕು. ಒಂದೇ ಸೀಮೆಯಲ್ಲಿ ವರ್ಷವಿಡೀ ಇರುವ ಉಷ್ಣವಲಯದ ಬಾತುಗಳಲ್ಲಿ ಜೋಡಿ ಹೆಚ್ಚು ಕಾಲ ಉಳಿಯುತ್ತದೆ, ಬಣ್ಣದ ಪೈಪೋಟಿ ಕಡಿಮೆ. ನಮ್ಮ ಕವಿಗಳು ದಾಂಪತ್ಯಕ್ಕೆ ಚಕ್ರವಾಕದ ಜೋಡಿಯನ್ನು ಹಾಡಿದರು. ಆ ಚಕ್ರವಾಕ ಚಳಿಗಾಲಕ್ಕೆ ಬಂದು ಹೋಗುವ ಹೊಂಬಣ್ಣದ ಹಕ್ಕಿ. ಇಲ್ಲೇ ಜೋಡಿಯಾಗಿ ಬಾಳುವ ವರಟೆಗೆ ಯಾರೂ ಹಾಗೆ ಹಾಡಿದಂತಿಲ್ಲ.

ಹಕ್ಕಿಗಳ ಲೆಕ್ಕದಲ್ಲೂ ವರಟೆಗೆ ಹೀಗೇ ಆಗಿದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಲ್ಲಿ ಶುರುವಾಯಿತು, ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ. ಒಳ್ಳೆಯ ಕೆಲಸ, ಸಾವಿರಾರು ಜನ ಸ್ವಂತ ಖರ್ಚಿನಲ್ಲಿ ಕೈಜೋಡಿಸುತ್ತಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಲೋಕಕ್ಕೆ ಪರಿಚಯವಾಗಿ, 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್‌ಸಾರ್ ಪಟ್ಟಿಗೆ ಸೇರಿದ್ದರ ಹಿಂದೆ ಇಂಥ ವರ್ಷಗಟ್ಟಲೆಯ ಎಣಿಕೆಯಿದೆ. ಆದರೆ ಜನವರಿಯ ಲೆಕ್ಕ ಚಳಿಗಾಲದ ಲೆಕ್ಕ. ಮಳೆಗಾಲದಲ್ಲಿ ಎಷ್ಟು ವರಟೆಗಳು ಗೂಡು ಮಾಡಿದವು, ಎಷ್ಟು ಮರಿ ಉಳಿದವು ಎಂಬುದು ಅದರಲ್ಲಿ ಬರುವುದಿಲ್ಲ. ಈ ಜಾತಿ ಇಂದು ಅಳಿವಿನ ಪಟ್ಟಿಯಲ್ಲಿಲ್ಲ, ಅದು ಸಮಾಧಾನದ ವಿಷಯ. ಆದರೆ ಒಂದು ಊರಿನ ಕೆರೆಯಿಂದ ಗೂಡು ಮಾಯವಾದರೆ ಜಗತ್ತಿನ ಪಟ್ಟಿಗೆ ಅದು ತಿಳಿಯುವುದಿಲ್ಲ, ಆ ಊರಿನವರಿಗೆ ಮಾತ್ರ ತಿಳಿಯಬೇಕು.

ಗೂಡಿಗೆ ಬರುವ ಅಪಾಯಗಳಲ್ಲಿ ಕೆಲವು ನಮ್ಮ ಕೈಮೀರಿದವು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೇ ನುಗ್ಗಿದ್ದು ನಿಮಗೆ ನೆನಪಿರಬೇಕು. ಅಂಥ ವರ್ಷ ಹೊಳೆದಂಡೆಯ ಯಾವ ಗೂಡೂ ಉಳಿಯಲಾರದು. ಮೊದಲ ತತ್ತಿ ಹಾಳಾದರೆ ಮತ್ತೊಮ್ಮೆ ಇಡುವ ಶಕ್ತಿ ಈ ಕುಲದ ಬಾತುಗಳಿಗಿದೆ. ಮತ್ತೊಮ್ಮೆ ಇಡಲು ದಂಡೆ ಇರಬೇಕು ಅಷ್ಟೇ.

ನಾನು ಹೇಳಬೇಕಾದ ಮುಖ್ಯ ಮಾತು ಈ ದಂಡೆಯದು. ಕೆರೆ ಅಭಿವೃದ್ಧಿ ಎಂದರೆ ಈಗ ನಾವು ತಿಳಿದಿರುವುದು ಹೂಳು ತೆಗೆದು, ಸುತ್ತಲೂ ಕಡಿದಾಗಿ ಅಗೆದು, ಕಲ್ಲು ಹೊದಿಸಿ, ಮೇಲೊಂದು ನಡೆದಾಡುವ ದಾರಿ ಮಾಡುವುದು. 2022ರಲ್ಲಿ ಅಮೃತ ಸರೋವರ ಯೋಜನೆ ಬಂದು ಜಿಲ್ಲೆಗೆ 75 ಕೆರೆಗಳಂತೆ ಕೆಲಸ ನಡೆದವು. ನೀರು ನಿಂತಿದೆ, ಬಾವಿಗಳಿಗೆ ಅನುಕೂಲವಾಗಿದೆ, ಅದನ್ನು ಬೇಡವೆನ್ನುವವನು ನಾನಲ್ಲ. ಆದರೆ ನಾಲ್ಕೂ ಬದಿಗೆ ಕಲ್ಲು ಹೊದಿಸಿದ ಕೆರೆಯಲ್ಲಿ ಆಳದ ನೀರಿದೆ, ಮೊಳದಾಳದ ನೀರಿಲ್ಲ. ಹುಲ್ಲಿಲ್ಲ, ಹುಳುವಿಲ್ಲ. ವರಟೆ ಅಲ್ಲಿ ತೇಲಬಹುದು, ಸಂಸಾರ ಮಾಡಲಾರದು. ಸಿಮೆಂಟ್ ಕಾಲುವೆಯಲ್ಲಿ ಇನ್ನೂ ಕಷ್ಟ. ತಾಯಿಯ ಹಿಂದೆ ಧುಮುಕಿದ ಮರಿ ಆ ನುಣುಪು ಗೋಡೆ ಹತ್ತಿ ಬರಲಾರದೆ ನೀರಿನ ಸೆಳವಿಗೆ ಹೋಗಿಬಿಡುತ್ತದೆ. ಅಲ್ಲಲ್ಲಿ ಇಳಿಜಾರಿನ ಒರಟು ಕಲ್ಲಿನ ಮೆಟ್ಟಿಲಿದ್ದರೆ ಮರಿಗೂ ಉಳಿವು, ನೀರಿಗೆ ಬಿದ್ದ ಕುರಿಗೂ ಉಳಿವು.

ನೀರು ಕೊಳೆಯುವುದು ಇನ್ನೊಂದು ಅಪಾಯ. ಊರ ಚರಂಡಿ, ಕಾರ್ಖಾನೆಯ ಹೊಲಸು ನೀರು ಸೇರಿ, ಬಿಸಿಲಿಗೆ ಕಾದು, ಗಾಳಿಯಾಡದೆ ಕೊಳೆತ ನೀರಿನಲ್ಲಿ ಬಾಟುಲಿಸಂ ರೋಗ ತರುವ ವಿಷ ಹುಟ್ಟಬಹುದು. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಬರ್ ಸರೋವರದಲ್ಲಿ ಈ ವಿಷದಿಂದ 18 ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು, ಅವುಗಳಲ್ಲಿ ಬಾತುಗಳೂ ಬಹಳ. ಮೊದಲು ಸತ್ತ ಹಕ್ಕಿಯ ಮೈಯಲ್ಲಿ ಹುಳು ಬೀಳುತ್ತದೆ, ವಿಷ ಹೀರಿದ ಆ ಹುಳು ತಿಂದ ಹಕ್ಕಿಯೂ ಸಾಯುತ್ತದೆ. ಆದ್ದರಿಂದ ಕೆರೆಯಲ್ಲಿ ಒಂದೆರಡು ಬಾತು ಸತ್ತು ತೇಲಿದ್ದು ಕಂಡರೆ ಅರಣ್ಯ ಇಲಾಖೆಗೆ ಅಥವಾ ಪಶುವೈದ್ಯರಿಗೆ ಕೂಡಲೇ ತಿಳಿಸಬೇಕು, ಬರಿಗೈಯಲ್ಲಿ ಮುಟ್ಟಬಾರದು. ತತ್ತಿ ಒಯ್ಯುವುದು, ಉರುಲು ಹಾಕಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ ಎಂಬುದೂ ಎಲ್ಲರಿಗೆ ತಿಳಿದಿರಲಿ.

ನಿಡಸೋಸಿ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮೂರಿನ ಕೆರೆಯ ಕೆಲಸಕ್ಕೆ ಗ್ರಾಮಸಭೆ ಸೇರಿದಾಗ ಎದ್ದು ನಿಂತು ಒಂದು ಮಾತು ಹೇಳಿ: ಮೂರು ಬದಿಗೆ ಕಲ್ಲು ಹಾಕಿರಿ, ನೀರು ಒಳಬರುವ ಕಡೆಯ ಒಂದು ಬದಿಯನ್ನು ಇಳಿಜಾರಾಗಿ, ಮಣ್ಣಾಗಿ, ಹುಲ್ಲು ಜೊಂಡು ಬೆಳೆಯುವಂತೆ ಬಿಡಿರಿ. ಆ ಬದಿಯ ಹುಲ್ಲನ್ನು ಮುಂಗಾರಿನಿಂದ ಸಂಕ್ರಾಂತಿಯವರೆಗೆ ಕೊಯ್ಯಬೇಡಿ, ಸುಡಬೇಡಿ, ನಾಯಿ ಬಿಡಬೇಡಿ. ಹೊಲದ ಬದುವಿನಲ್ಲಿ ಹಕ್ಕಿ ಕಾಲಬುಡದಿಂದ ಎದ್ದರೆ ಅಲ್ಲಿ ನಿಲ್ಲದೆ ಮುಂದೆ ಹೋಗಿ, ತಾಯಿ ಬೇಗ ಕಾವಿಗೆ ಮರಳುತ್ತದೆ. ಶಾಲೆಯ ಗುರುಗಳಲ್ಲಿ ಇನ್ನೊಂದು ಕೋರಿಕೆ. ಜನವರಿಯ ಜೊತೆಗೆ ಸೆಪ್ಟೆಂಬರ್‌ನಲ್ಲೂ ಒಮ್ಮೆ ಮಕ್ಕಳನ್ನು ಕೆರೆಗೆ ಕರೆದೊಯ್ಯಿರಿ. ತಾಯಿವರಟೆಯ ಹಿಂದೆ ಎಷ್ಟು ಮರಿಗಳಿವೆ ಎಂದು ಎಣಿಸಿ, ದಿನಾಂಕ ಹಾಕಿ ಬರೆದಿಡಿಸಿರಿ.